ಜ್ವರ ಬಂದು ಇವತ್ತಿಗೆ ಎಷ್ಟನೇ ದಿನ?

ಮಳೆ ಹಿಡಿದು ಗದ್ದೆ ನಾಟಿ ಮುಗಿಯುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಜ್ವರದ ಮಕ್ಕಳನ್ನು ಕರೆತರುವ ಪಾಲಕರ ಕೈಯಲ್ಲಿ ಈಚಿನ ವರ್ಷಗಳಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇದ್ದೇ ಇರುತ್ತದೆ. ಅದರೊಳಗೆ ರಕ್ತಕಣಗಳ ಎಣಿಕೆ, ಟೈಫಾಯ್ಡಿನ ವಿಡಾಲ್ ಪರೀಕ್ಷೆ, ಡೆಂಗ್ಯೂ ಕಾರ್ಡು, ಮೂತ್ರ ಪರೀಕ್ಷೆ, ಕೆಲವೊಮ್ಮೆ ಎದೆಯ ಎಕ್ಸ್‌ರೇ ಕೂಡ ಸೇರಿರುತ್ತವೆ. ಫೈಲನ್ನು ಬದಿಗಿಟ್ಟು ನಾನು ಮೊದಲು ಕೇಳುವುದು, ಜ್ವರ ಬಂದು ಇವತ್ತಿಗೆ ಎಷ್ಟನೇ ದಿನ ಎಂದು. "ರಾಶಿ ದಿನ ಆತು ಡಾಕ್ಟ್ರೇ" ಎಂಬ ಉತ್ತರ ನನಗೆ ಸಾಲುವುದಿಲ್ಲ. ಸೋಮವಾರ ಶಾಲೆಗೆ ಹೋಗಿದ್ದನೇ, ಸಂಜೆ ಬಂದು ಊಟ ಬೇಡವೆಂದು ಮಲಗಿದನೇ, ಮೈ ಸುಟ್ಟಿದ್ದು ಅದೇ ರಾತ್ರಿಯೋ ಮರುದಿನವೋ ಎಂದು ಬಿಡಿಸಿ ಬಿಡಿಸಿ ಕೇಳುವಾಗ ಕೆಲವರಿಗೆ ಬೇಸರವಾಗುವುದೂ ಉಂಟು. ಇಷ್ಟೆಲ್ಲ ದುಡ್ಡು ಕೊಟ್ಟು ಮಾಡಿಸಿದ ವರದಿಯನ್ನು ನೋಡುವುದು ಬಿಟ್ಟು ಇದೆಂತಹ ವಿಚಾರಣೆ ಎಂದು ಅವರ ಮುಖ ಹೇಳುತ್ತದೆ. ಆದರೆ ದಿನದ ಲೆಕ್ಕವೂ ಮಗು ಓಡಾಡಿದ ಜಾಗವೂ ಗೊತ್ತಿಲ್ಲದೆ ವರದಿ ಓದಿದರೆ ಅದು ದಾರಿ ತೋರಿಸುವುದಕ್ಕಿಂತ ದಾರಿ ತಪ್ಪಿಸುವುದೇ ಹೆಚ್ಚು ಎಂಬುದು ಮಕ್ಕಳ ವೈದ್ಯನಾಗಿ ನನ್ನ ಖಚಿತ ಅಭಿಪ್ರಾಯ.

ಡೆಂಗ್ಯೂವನ್ನೇ ತೆಗೆದುಕೊಳ್ಳೋಣ. ಎನ್‌ಎಸ್1 ಎಂದು ಕರೆಯುವ ಪರೀಕ್ಷೆ ವೈರಾಣುವಿನದೇ ಒಂದು ಪ್ರೋಟೀನನ್ನು ರಕ್ತದಲ್ಲಿ ಹುಡುಕುತ್ತದೆ. ಜ್ವರದ ಮೊದಲ ನಾಲ್ಕೈದು ದಿನಗಳಲ್ಲಿ ಅದು ಸಿಗುವ ಸಾಧ್ಯತೆ ಹೆಚ್ಚು, ಆಮೇಲೆ ಕಡಿಮೆಯಾಗುತ್ತ ಹೋಗುತ್ತದೆ. ಐಜಿಎಂ ಪರೀಕ್ಷೆ ಹುಡುಕುವುದು ದೇಹವೇ ತಯಾರಿಸುವ ಪ್ರತಿಕಾಯವನ್ನು, ಅದು ತೋರಿಸಿಕೊಳ್ಳಲು ಸಾಮಾನ್ಯವಾಗಿ ಐದು ದಿನ ಕಳೆಯಬೇಕು. ಹೀಗಿರುವಾಗ ಎರಡನೇ ದಿನ ಐಜಿಎಂ ಮಾಡಿಸಿ ನೆಗೆಟಿವ್ ಬಂತೆಂದು ನಿಶ್ಚಿಂತರಾಗುವುದಾಗಲಿ, ಏಳನೇ ದಿನ ಎನ್‌ಎಸ್1 ಒಂದನ್ನೇ ಮಾಡಿಸಿ ಡೆಂಗ್ಯೂ ಅಲ್ಲವೆಂದು ಬರೆದುಕೊಡುವುದಾಗಲಿ ಅರ್ಥವಿಲ್ಲದ ಕೆಲಸ. ವರದಿಯ ಹಾಳೆಯಲ್ಲಿ ಜ್ವರದ ದಿನವನ್ನು ಬರೆಯುವ ಪದ್ಧತಿ ನಮ್ಮ ಪ್ರಯೋಗಾಲಯಗಳಲ್ಲಿ ಇಲ್ಲದಿರುವುದು ನನ್ನ ಹಳೆಯ ದೂರು.

ದಿನದ ಲೆಕ್ಕ ಚಿಕಿತ್ಸೆಗೆ ಇನ್ನೂ ಹೆಚ್ಚು ಮುಖ್ಯ. ಡೆಂಗ್ಯೂ ಮಗುವಿಗೆ ಅಪಾಯ ಒದಗುವುದು ಜ್ವರ ಏರಿದ್ದಾಗ ಅಲ್ಲ, ಇಳಿದಾಗ. ಮೂರರಿಂದ ಏಳನೇ ದಿನದ ನಡುವೆ ಜ್ವರ ಬಿಟ್ಟು, ಮನೆಯವರು ಉಸಿರು ಬಿಡುವ ಆ ಒಂದೆರಡು ದಿನಗಳಲ್ಲೇ ರಕ್ತನಾಳಗಳಿಂದ ನೀರಿನಂಶ ಸೋರಿ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಸೇರುತ್ತದೆ, ರಕ್ತ ಗಟ್ಟಿಯಾಗುತ್ತದೆ, ನಾಡಿ ಸಣ್ಣದಾಗುತ್ತದೆ. ಆಗ ನೋಡಬೇಕಾದ್ದು ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ಅಲ್ಲ; ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಿದೆಯೇ, ಮಗು ಹೊಟ್ಟೆನೋವೆಂದು ಬಾಗುತ್ತಿದೆಯೇ, ಬಿಡದೆ ವಾಂತಿ ಮಾಡುತ್ತಿದೆಯೇ, ಅಂಗೈ ಅಂಗಾಲು ತಣ್ಣಗಾಗಿವೆಯೇ, ಆರು ತಾಸಿನಿಂದ ಮೂತ್ರ ಮಾಡಿಲ್ಲವೇ ಎಂಬುದನ್ನು. ಪ್ಲೇಟ್‌ಲೆಟ್ ಐವತ್ತು ಸಾವಿರಕ್ಕೆ ಇಳಿಯಿತೆಂದು ರಾತ್ರೋರಾತ್ರಿ ಬಾಡಿಗೆ ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಓಡುವವರನ್ನು ನೋಡಿದ್ದೇನೆ, ಜ್ವರ ಬಿಟ್ಟಿತೆಂದು ಮಂಕಾದ ಮಗುವನ್ನು ಮಲಗಿಸಿಟ್ಟು ತೋಟಕ್ಕೆ ಹೋದವರನ್ನೂ ನೋಡಿದ್ದೇನೆ. ರಕ್ತಸ್ರಾವವಿಲ್ಲದ ಮಗುವಿಗೆ ಪ್ಲೇಟ್‌ಲೆಟ್ ಏರಿಸಬೇಕಾಗುವುದು ಅಪರೂಪ. ಸರಿಯಾದ ಪ್ರಮಾಣದಲ್ಲಿ, ಸರಿಯಾದ ಗಂಟೆಯಲ್ಲಿ ಕೊಟ್ಟ ದ್ರವವೇ ಇಲ್ಲಿ ಔಷಧ, ಸೋರಿಕೆ ನಿಂತ ಮೇಲೆ ಅದೇ ದ್ರವವನ್ನು ಮುಂದುವರಿಸಿದರೆ ಅದೇ ಅಪಾಯ.

ಮನೆಯಲ್ಲಿರುವಾಗ ಏನು ಕುಡಿಸಬೇಕೆಂದು ಕೇಳುತ್ತಾರೆ. ಗಂಜಿ ತಿಳಿ, ಎಳನೀರು, ಮಜ್ಜಿಗೆ, ಓಆರ್‌ಎಸ್ ಯಾವುದಾದರೂ ಆದೀತು. ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುವ ಮುರುಗಲು ಪಾನಕವನ್ನು ಮಾತ್ರ ಡೆಂಗ್ಯೂ ಅನುಮಾನವಿರುವ ದಿನಗಳಲ್ಲಿ ಬೇಡವೆನ್ನುತ್ತೇನೆ. ಪಾನಕದಲ್ಲಿ ದೋಷವೇನೂ ಇಲ್ಲ. ಕೆಂಪು ಪಾನಕ ಕುಡಿದ ಮಗು ವಾಂತಿ ಮಾಡಿದರೆ ಅದು ರಕ್ತವೋ ಮುರುಗಲೋ ಎಂದು ರಾತ್ರಿ ಹನ್ನೊಂದಕ್ಕೆ ಬ್ಯಾಟರಿ ಬೆಳಕಿನಲ್ಲಿ ಹೇಳಲು ಯಾರಿಂದಲೂ ಆಗದು. ಬೀಟ್‌ರೂಟ್, ದಾಳಿಂಬೆ ರಸಕ್ಕೂ ಇದೇ ಮಾತು. ಹಾಗೆಯೇ, ಮನೆಯ ಸುತ್ತ ಹೊಗೆ ಹಾಕಿ ಸೊಳ್ಳೆ ಓಡಿಸುವುದಕ್ಕಿಂತ ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನು ಎತ್ತಿ ಕವುಚಿಡುವುದು ಹೆಚ್ಚು ಉಪಯೋಗದ ಕೆಲಸ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಗಟಾರದಲ್ಲಲ್ಲ, ಇಂಥ ಹಾಳೆಯಲ್ಲಿ ನಿಂತ ಸ್ವಚ್ಛ ಮಳೆನೀರಿನಲ್ಲಿ.

ಫೈಲಿನಲ್ಲಿ ಕಾಣುವ ಇನ್ನೊಂದು ವರದಿ ವಿಡಾಲ್. ಫ್ರಾನ್ಸಿನ ಫೆರ್ನಾಂಡ್ ವಿಡಾಲ್ ಇದನ್ನು 1896ರಲ್ಲಿ ವಿವರಿಸಿದಾಗ ಅದು ದೊಡ್ಡ ಶೋಧವೇ ಆಗಿತ್ತು. ಈಗ ನಮ್ಮಲ್ಲಿ ಅದು ಜ್ವರ ಬಂದ ಎರಡನೇ ದಿನವೇ ಮಾಡಿಸುವ ವಾಡಿಕೆಯಾಗಿದೆ. ವಿಷಮಶೀತ ಜ್ವರದಲ್ಲಿ, ಅಂದರೆ ಟೈಫಾಯ್ಡಿನಲ್ಲಿ, ಈ ಪರೀಕ್ಷೆ ಹುಡುಕುವ ಪ್ರತಿಕಾಯಗಳು ಸಾಕಷ್ಟು ಏರುವುದು ಮೊದಲ ವಾರ ಕಳೆದ ಮೇಲೆ. ಹಿಂದೆಂದೋ ತಗುಲಿದ ಸೋಂಕಿನಿಂದಲೂ, ಬೇರೆ ಜ್ವರಗಳಿಂದಲೂ ಅದು ಪಾಸಿಟಿವ್ ಬರಬಹುದು. ಒಂದೇ ಸಲದ ವಿಡಾಲ್ ನೋಡಿ "ಟೈಫಾಯ್ಡ್ ಇದೆ" ಎಂದು ಹತ್ತು ದಿನ ಸೂಜಿ ಚುಚ್ಚಿಸಿಕೊಂಡ ಮಕ್ಕಳಲ್ಲಿ ಎಷ್ಟೋ ಮಂದಿಗೆ ಇದ್ದದ್ದು ಐದು ದಿನದಲ್ಲಿ ತಾನಾಗಿ ಹೋಗುವ ವೈರಲ್ ಜ್ವರ. ನಿಜವಾದ ಟೈಫಾಯ್ಡ್ ಅನುಮಾನವಿದ್ದರೆ ಆಂಟಿಬಯೋಟಿಕ್ಕಿನ ಮೊದಲ ಗುಟುಕಿಗಿಂತ ಮುಂಚೆ ರಕ್ತದ ಕಲ್ಚರ್‌ಗೆ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ) ಮಾದರಿ ತೆಗೆಯಬೇಕು, ಮೊದಲ ವಾರದಲ್ಲಿ ಅದು ಹೆಚ್ಚು ಫಲ ಕೊಡುತ್ತದೆ. ಉತ್ತರ ಬರಲು ಎರಡು ಮೂರು ದಿನ ಬೇಕೆಂಬುದು ನಿಜ, ಆದರೆ ಯಾವ ಔಷಧಕ್ಕೆ ಆ ರೋಗಾಣು ಬಗ್ಗುತ್ತದೆಂಬುದನ್ನೂ ಆ ಒಂದು ಪರೀಕ್ಷೆಯೇ ಹೇಳುತ್ತದೆ. ಟೈಫಾಯ್ಡಿಗೆ ಸರಿಯಾದ ಔಷಧ ಶುರುಮಾಡಿದ ಮೇಲೂ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯುತ್ತದೆ ಎಂಬುದನ್ನು ಮೊದಲೇ ಹೇಳಿಡದಿದ್ದರೆ ಪಾಲಕರು ಮೂರನೇ ದಿನ ಬೇರೆ ಡಾಕ್ಟರರಲ್ಲಿ ಇರುತ್ತಾರೆ, ಅವರು ಔಷಧ ಬದಲಿಸುತ್ತಾರೆ, ಐದನೇ ದಿನ ಜ್ವರ ಇಳಿದಾಗ ಕೀರ್ತಿ ಎರಡನೇ ಬಾಟಲಿಗೆ ಸಲ್ಲುತ್ತದೆ.

ಇನ್ನು ಮಗು ಓಡಾಡಿದ ಜಾಗದ ಮಾತು. ಘಟ್ಟದ ಮೇಲಿನ ನಮ್ಮ ಮಕ್ಕಳು ಗದ್ದೆ, ತೋಟ, ಬೆಟ್ಟ, ಕೊಟ್ಟಿಗೆ ಎಲ್ಲವನ್ನೂ ಸುತ್ತುತ್ತಾರೆ, ಒಂದೊಂದು ಜಾಗಕ್ಕೂ ಒಂದೊಂದು ಜ್ವರವಿದೆ. ಅದರಲ್ಲಿ ಸುಲಭವಾಗಿ ತಪ್ಪಿಹೋಗುವುದು, ಗೊತ್ತಾದರೆ ಅಷ್ಟೇ ಸುಲಭವಾಗಿ ವಾಸಿಯಾಗುವುದು ಸ್ಕ್ರಬ್ ಟೈಫಸ್. ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದರ ಮರಿ ಹುಲ್ಲು, ಪೊದೆಗಳ ಅಂಚಿನಲ್ಲಿ ಕಾದಿದ್ದು ಕಚ್ಚುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಒಂದರಿಂದ ಎರಡು ವಾರದ ನಂತರ ಜ್ವರ ಬರುತ್ತದೆ. ಆದ್ದರಿಂದ ನಿನ್ನೆ ಮೊನ್ನೆ ಎಲ್ಲಿಗೆ ಹೋಗಿದ್ದ ಎಂದು ಕೇಳಿ ಪ್ರಯೋಜನವಿಲ್ಲ, ಹದಿನೈದು ದಿನದ ಹಿಂದಿನ ರಜೆಯಲ್ಲಿ ಎಲ್ಲಿದ್ದ ಎಂದು ಕೇಳಬೇಕು. ಮಳೆ ಹಿಂದೆ ಸರಿದು ಹುಲ್ಲು ಎದೆಮಟ್ಟ ಬೆಳೆದು ನಿಲ್ಲುವ ತಿಂಗಳುಗಳು ಇದರ ಕಾಲ.

ಅಂಥದೇ ಒಂದು ಕಾರ್ತಿಕ ಮಾಸದಲ್ಲಿ ಬನವಾಸಿ ಕಡೆಯ ಏಳು ವರ್ಷದ ಹುಡುಗನೊಬ್ಬ ಬಂದಿದ್ದ. ಜ್ವರಕ್ಕೆ ಎಂಟನೇ ದಿನ. ಸೆಫಿಕ್ಸಿಮ್ ಸಿರಪ್ಪಿನ ಎರಡನೇ ಬಾಟಲಿ ನಡೆದಿತ್ತು. ಪ್ಲೇಟ್‌ಲೆಟ್ ತುಸು ಕಡಿಮೆ, ಕಣ್ಣಿನ ಸುತ್ತ ಸಣ್ಣ ಊತ, ಯಕೃತ್ತು ಎರಡು ಬೆರಳು ಕೈಗೆ ಸಿಗುತ್ತಿತ್ತು. ಡೆಂಗ್ಯೂ ನೆಗೆಟಿವ್ ಎಂದು ಬರೆದಿತ್ತು. ಅಂಗಿ, ಚಡ್ಡಿ ಎಲ್ಲ ಬಿಚ್ಚಬೇಕೆಂದಾಗ ಅವನ ತಾಯಿ, "ಮೈಮೇಲೆ ಎಂತದೂ ಇಲ್ಲ ಡಾಕ್ಟ್ರೇ, ನಿನ್ನೆ ನಾನೇ ಮೀಸಿದ್ದೇನೆ" ಎಂದರು. "ತಮಾ, ಕೈ ಮೇಲೆತ್ತು" ಎಂದು ಕಂಕುಳು ನೋಡಿದೆ, ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆ, ಹೊಕ್ಕಳು ನೋಡಿದೆ. ಎಡ ತೊಡೆಸಂದಿಯಲ್ಲಿ ಗಂಟೊಂದು ಊದಿಕೊಂಡಿತ್ತು. ಅದರ ಕೆಳಗೆ ವೃಷಣದ ಚೀಲ ಸರಿಸಿ ಬ್ಯಾಟರಿ ಬಿಟ್ಟಾಗ ಕರಿಮೆಣಸಿನ ಗಾತ್ರದ ಒಣ ಕಪ್ಪು ಹಕ್ಕಳೆ ಕಂಡಿತು, ಸುತ್ತ ಕೆಂಪು ಅಂಚು, ಬೀಡಿಯಿಂದ ಸುಟ್ಟ ಗಾಯದ ಹಾಗೆ. ಮುಟ್ಟಿದರೆ ನೋವಿಲ್ಲ, ತುರಿಕೆಯಿಲ್ಲ. ಹುಡುಗನಿಗೇ ಅದು ಇದ್ದದ್ದು ಗೊತ್ತಿರಲಿಲ್ಲ. ಎಸ್ಕಾರ್ ಎಂದು ಕರೆಯುವ ಈ ಗುರುತು ಎಲ್ಲ ಮಕ್ಕಳಲ್ಲೂ ಇರುವುದಿಲ್ಲ, ಇದ್ದರೆ ಬೇರೆ ಸಾಕ್ಷಿ ಹೆಚ್ಚು ಬೇಕಾಗುವುದಿಲ್ಲ. ಐಜಿಎಂ ಎಲಿಸಾ ಪರೀಕ್ಷೆಗೆ ರಕ್ತ ಕಳಿಸಿ, ಉತ್ತರ ಕಾಯದೆ ಅದೇ ಸಂಜೆ ಡಾಕ್ಸಿಸೈಕ್ಲಿನ್ ಶುರುಮಾಡಿದೆವು. ಮರುದಿನ ರಾತ್ರಿಗೆ ಜ್ವರ ಬಿಟ್ಟು, ಅದರ ಮರುದಿನ ಬೆಳಿಗ್ಗೆ ಹುಡುಗ ದೋಸೆ ಕೇಳಿದ.

ಇದರಲ್ಲಿ ಎರಡು ವಿಷಯ ಎತ್ತಿ ಹೇಳಬೇಕು. ಸೆಫಿಕ್ಸಿಮ್, ಅಮಾಕ್ಸಿಸಿಲಿನ್, ಸೆಫ್‌ಟ್ರಯಾಕ್ಸೋನ್ ಜಾತಿಯ ಔಷಧಗಳು ಸ್ಕ್ರಬ್ ಟೈಫಸ್ಸಿಗೆ ಕೆಲಸ ಮಾಡುವುದಿಲ್ಲ; ಅದರ ರೋಗಾಣು ನಮ್ಮ ಜೀವಕೋಶಗಳ ಒಳಗೇ ಬದುಕುತ್ತದೆ. ಹೀಗಾಗಿ ದೊಡ್ಡ ಇಂಜೆಕ್ಷನ್ನಿಗೂ ಬಗ್ಗದ ಜ್ವರ ಹಳೆಯ ಅಗ್ಗದ ಮಾತ್ರೆಗೆ ಎರಡು ದಿನದಲ್ಲಿ ಬಗ್ಗುತ್ತದೆ, ಬಗ್ಗದಿದ್ದರೆ ರೋಗನಿರ್ಣಯವನ್ನೇ ಮರುಪರಿಶೀಲಿಸಬೇಕು. ಎರಡನೆಯದು ಹಲ್ಲಿನ ಭಯ. ಎಂಟು ವರ್ಷದೊಳಗಿನವರಿಗೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಹಲ್ಲು ಕಂದುಗಟ್ಟುತ್ತದೆಂದು ನಾವೆಲ್ಲ ಕಲಿತದ್ದು ಹಳೆಯ ಟೆಟ್ರಾಸೈಕ್ಲಿನ್ನಿನ ಅನುಭವದಿಂದ. ಅಲ್ಪಾವಧಿಯ ಡಾಕ್ಸಿಸೈಕ್ಲಿನ್ನಿನಿಂದ ಹಾಗಾಗುವುದಿಲ್ಲವೆಂದು ಅಧ್ಯಯನಗಳು ತೋರಿಸಿದ ಮೇಲೆ, 21 ದಿನಗಳವರೆಗೆ ಯಾವ ವಯಸ್ಸಿನ ಮಕ್ಕಳಿಗಾದರೂ ಕೊಡಬಹುದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2018ರಲ್ಲಿ ಒಪ್ಪಿಕೊಂಡಿದೆ. ಅಜಿಥ್ರೋಮೈಸಿನ್ ಕೂಡ ಇದಕ್ಕೆ ಒಳ್ಳೆಯ ಔಷಧವೇ.

ಕಚ್ಚುವ ನುಸಿಯನ್ನು ಜನ ಉಣುಗಿನ ಜೊತೆ ಕಲಸಿಕೊಳ್ಳುತ್ತಾರೆ. ಉಣುಗು ಬೇರೆ, ಅದರ ಜ್ವರವೂ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಗಡಿ ದಾಟಿ ಸಿದ್ದಾಪುರ, ಹೊನ್ನಾವರದ ಕಡೆಗೂ ಬಂದು ಕೂತಿದೆ. 2024ರಲ್ಲಿ ಸಿದ್ದಾಪುರ ತಾಲ್ಲೂಕು ಅದರ ಬಿಸಿಯನ್ನು ಚೆನ್ನಾಗಿ ಅನುಭವಿಸಿತು. ಡಿಸೆಂಬರಿನಿಂದ ಮೇ ತನಕ, ಬೆಟ್ಟದಲ್ಲಿ ದರಕು (ಒಣಗಿ ಉದುರಿದ ಎಲೆ) ಗುಡಿಸುವ ಕಾಲವೇ ಉಣುಗಿನ ಮರಿಗಳ ಕಾಲವೂ ಹೌದು. ದೊಡ್ಡವರ ಹಿಂದೆ ಬುಟ್ಟಿ ಹಿಡಿದು ಹೋದ ಮಗುವಿಗೆ ಒಂದು ವಾರದೊಳಗೆ ಒಮ್ಮೆಲೇ ಜ್ವರ, ತಲೆನೋವು, ಸೊಂಟನೋವು ಬಂದು ಕಣ್ಣು ಕೆಂಪಾದರೆ, ಬಿಳಿರಕ್ತಕಣ ಮತ್ತು ಪ್ಲೇಟ್‌ಲೆಟ್ ಎರಡೂ ಇಳಿದಿದ್ದರೆ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಕಳಿಸಲೇಬೇಕು. ಇದಕ್ಕೆ ನೇರ ಔಷಧವಿಲ್ಲ. ದ್ರವ, ಪ್ಯಾರಾಸಿಟಮಾಲ್, ರಕ್ತಸ್ರಾವದ ಮೇಲೆ ನಿಗಾ ಇಷ್ಟೇ ಚಿಕಿತ್ಸೆ. ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ, ಮಂಪರು, ನಡುಕ ಕಾಣಿಸಿಕೊಳ್ಳುವುದೂ ಉಂಟಾದ್ದರಿಂದ ಮೊದಲ ಜ್ವರ ಬಿಟ್ಟಿತೆಂದು ಹೆಸರು ಹೊಡೆದುಹಾಕುವಂತಿಲ್ಲ. ಹಳೆಯ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಿದ ಮೇಲೆ ಉಳಿದಿರುವುದು ಉಣುಗು ಕಚ್ಚದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ, ಮೈತುಂಬ ಬಟ್ಟೆ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಕಾಯಿಲೆ ಬಂದ ಮನೆಯ ಮಗುವನ್ನು ಶಾಲೆಯಲ್ಲಿ ಬೇರೆ ಕೂರಿಸಿದ ಸುದ್ದಿ ಕೇಳಿದಾಗ ಸಿಟ್ಟು ಬರುತ್ತದೆ.

ಗದ್ದೆಯ ನೀರಿನಲ್ಲಿ ಗಾಯದ ಕಾಲಿಟ್ಟವರಿಗೆ ಬರುವ ಇಲಿಜ್ವರ ಮಕ್ಕಳಲ್ಲಿ ದೊಡ್ಡವರಿಗಿಂತ ಕಡಿಮೆ. ಮೀನಖಂಡ ಒತ್ತಿದರೆ ಮಗು ಚೀರಿದರೆ, ಪಿಸುರಿಲ್ಲದ ಕೆಂಗಣ್ಣಿದ್ದರೆ ಅದನ್ನು ನೆನಪಿಗೆ ತಂದುಕೊಳ್ಳಬೇಕು. ಕಾಮಾಲೆಯಾಗುವವರೆಗೆ ಕಾಯಬಾರದು.

ಕೆಮ್ಮು-ಜ್ವರದ ಮಗುವಿನ ವಿಷಯದಲ್ಲಿ ವರದಿಗಿಂತ ಗಡಿಯಾರ ಹೆಚ್ಚು ಹೇಳುತ್ತದೆ. ತಾಯಿಯ ತೊಡೆಯ ಮೇಲೆ ಸುಮ್ಮನಿರುವ ಕೂಸಿನ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅಳುವಾಗ ಎಣಿಸಿದರೆ ಲೆಕ್ಕ ಹಿಡಿಯದು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಈ ಸಂಖ್ಯೆಯನ್ನು ಮುಟ್ಟಿದರೆ ಅಥವಾ ದಾಟಿದರೆ ನ್ಯುಮೋನಿಯಾ ಎಂದೇ ಭಾವಿಸಿ ಚಿಕಿತ್ಸೆಗೆ ತರಬೇಕು. ಪಕ್ಕೆಯ ಕೆಳಭಾಗ ಉಸಿರಿನೊಂದಿಗೆ ಒಳಗೆ ಎಳೆದುಕೊಳ್ಳುತ್ತಿದ್ದರೆ ಎಣಿಸುತ್ತ ಕೂರಬಾರದು, ಹೊರಡಬೇಕು. ನಮ್ಮ ಆಶಾ ಕಾರ್ಯಕರ್ತೆಯರಲ್ಲಿ ಕೆಲವರು ಇದನ್ನು ನನಗಿಂತ ಹೆಚ್ಚು ತಾಳ್ಮೆಯಿಂದ ಮಾಡುತ್ತಾರೆ. ಉಸಿರಿನ ವೇಗ ಸರಿಯಿದ್ದು, ಮೂಗು ಸುರಿಯುತ್ತಿದ್ದು, ಆಟವಾಡುತ್ತಿರುವ ಮಗುವಿಗೆ ಆಂಟಿಬಯೋಟಿಕ್ ಬೇಡ, ಕೆಮ್ಮಿನ ಸಿರಪ್ಪೂ ಬೇಡ. ಎರಡು ವರ್ಷದೊಳಗಿನವರಿಗೆ ಕೆಮ್ಮು-ಶೀತದ ಸಿರಪ್ ಬರೆಯಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರಿನಲ್ಲಿ ಸೂಚಿಸಿತು. ಅದಕ್ಕೆ ಕೆಮ್ಮಿನ ಸಿರಪ್ ಕುಡಿದ ಮಧ್ಯಪ್ರದೇಶದ ಮಕ್ಕಳ ಸಾವು ಕಾರಣವಾಗಬೇಕಾಯಿತು.

ಜ್ವರದ ಔಷಧವೊಂದನ್ನು ಮಾತ್ರ ಎಲ್ಲರ ಮನೆಯಲ್ಲೂ ಇಡಲೇಬೇಕಾದ್ದರಿಂದ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಪ್ಯಾರಾಸಿಟಮಾಲ್ ಪ್ರಮಾಣವನ್ನು ವಯಸ್ಸಿನಿಂದಲ್ಲ, ತೂಕದಿಂದ ಲೆಕ್ಕ ಹಾಕುತ್ತಾರೆ. ಕಿಲೋ ಒಂದಕ್ಕೆ 10ರಿಂದ 15 ಮಿಲಿಗ್ರಾಂ. ತೊಂದರೆ ಇರುವುದು ಬಾಟಲಿಯಲ್ಲಿ. ಒಂದೇ ಕಂಪನಿಯ ಒಂದೇ ಬಣ್ಣದ ಔಷಧ 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ, ಎಳೆ ಮಕ್ಕಳ ಡ್ರಾಪ್ಸ್ 1 ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತದೆ. ಹತ್ತು ಕಿಲೋ ತೂಕದ ಮಗುವಿಗೆ 150 ಮಿಲಿಗ್ರಾಂ ಕೊಡಬೇಕೆಂದರೆ ಮೊದಲನೆಯದರಲ್ಲಿ ಆರು ಎಂಎಲ್‌ಗಿಂತ ತುಸು ಹೆಚ್ಚು, ಎರಡನೆಯದರಲ್ಲಿ ಮೂರು, ಡ್ರಾಪ್ಸಿನಲ್ಲಿ ಒಂದೂವರೆ. ಅಕ್ಕನ ಮಗನಿಗೆ ಬರೆದುಕೊಟ್ಟ "ಐದು ಎಂಎಲ್" ಎಂಬ ಮಾತನ್ನು ತಂಗಿಯ ಕೂಸಿನ ಬಾಟಲಿಗೆ ಅನ್ವಯಿಸಿದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬಂದ ಗೀರಿನ ಮುಚ್ಚಳವನ್ನೇ ಬಳಸಿ. ಎರಡು ಗುಟುಕಿನ ನಡುವೆ ಕನಿಷ್ಠ ನಾಲ್ಕರಿಂದ ಆರು ತಾಸು ಇರಲಿ. ಜ್ವರ ಬೇಗ ಇಳಿಯುತ್ತದೆಂದು ಅಂಗಡಿಯಲ್ಲಿ ಕೊಡುವ ಮೆಫೆನಮಿಕ್ ಆಮ್ಲ, ಐಬುಪ್ರೊಫೆನ್, ಆಸ್ಪಿರಿನ್‌ಗಳನ್ನು ಡೆಂಗ್ಯೂ, ಮಂಗನ ಕಾಯಿಲೆ ಇರುವ ನಮ್ಮಂಥ ಸೀಮೆಯಲ್ಲಿ ರೋಗ ಯಾವುದೆಂದು ತಿಳಿಯುವ ಮೊದಲು ಮುಟ್ಟದಿರುವುದೇ ಲೇಸು, ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ಭೇದಿಯ ಮಗುವಿಗೆ ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಓಆರ್‌ಎಸ್ ಪಾಕೀಟು, ಜೊತೆಗೆ ಹದಿನಾಲ್ಕು ದಿನ ಝಿಂಕ್. ಅರ್ಧ ಪಾಕೀಟನ್ನು ಅಂದಾಜಿನಲ್ಲಿ ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗುತ್ತದೆ. ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ; ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶ ಹೊರಡಿಸಿದ್ದು ತಡವಾದರೂ ಒಳ್ಳೆಯದಾಯಿತು.

ಮೈಮೇಲೆ ಗುಳ್ಳೆ ಎದ್ದ ಮಕ್ಕಳ ವಿಷಯ ಸೂಕ್ಷ್ಮವಾದದ್ದು. ಮಾರಿಕಾಂಬೆಯ ಊರಿನಲ್ಲಿ "ಅಮ್ಮ ಬಂದಿದ್ದಾಳೆ" ಎಂದ ಅಜ್ಜಿಯೊಡನೆ ವಾದಕ್ಕಿಳಿಯುವುದು ನನ್ನ ರೀತಿಯಲ್ಲ. ಬೇವಿನ ಸೊಪ್ಪು ಹಾಸಿ ಮಗುವನ್ನು ಬೇರೆ ಮಲಗಿಸುವ ಅವರ ಕ್ರಮದಲ್ಲಿ ಸೋಂಕು ತಡೆಯುವ ವಿವೇಕವೂ ಇದೆ. ಅದು ನೀರುಗುಳ್ಳೆಯ ಚಿಕನ್‌ಪಾಕ್ಸ್ ಆಗಿದ್ದರೆ ನನಗೆ ಬೇಕಾದ್ದು ಇಷ್ಟೇ: ಸ್ನಾನ ನಿಲ್ಲಿಸಬೇಡಿ, ಆಸ್ಪಿರಿನ್ ಕೊಡಬೇಡಿ, ಮನೆಯಲ್ಲಿ ಬಸುರಿ ಇದ್ದರೆ ತಿಳಿಸಿ. ಗುಳ್ಳೆಯಲ್ಲಿ ನೀರಿಲ್ಲದೆ ಬರೀ ಕೆಂಪು ದದ್ದು ಕಿವಿಯ ಹಿಂದಿನಿಂದ ಮುಖಕ್ಕೆ, ಮೈಗೆ ಇಳಿದಿದ್ದರೆ, ಕೆಮ್ಮು ಮತ್ತು ಕೆಂಗಣ್ಣು ಜೊತೆಗಿದ್ದರೆ ಅದು ದಡಾರ. ಅಂಥ ಮಗುವಿಗೆ ವಿಟಮಿನ್ ಎ ಎರಡು ದಿನ ಕೊಡಲೇಬೇಕು, ಒಂದು ವರ್ಷ ದಾಟಿದವರಿಗೆ ದಿನಕ್ಕೆ ಎರಡು ಲಕ್ಷ ಯುನಿಟ್. ದೇವಿಗೆ ಹರಕೆ ಹೊತ್ತವರೂ ಆ ಹನಿಗಳನ್ನು ಬೇಡವೆಂದದ್ದು ನನ್ನ ನೆನಪಿನಲ್ಲಿಲ್ಲ.

ಇಲ್ಲಿಯವರೆಗೆ ಬರೆದ ಕಾಯುವ, ಎಣಿಸುವ, ದಿನ ನೋಡುವ ಮಾತುಗಳಾವುವೂ ಮೂರು ತಿಂಗಳೊಳಗಿನ ಕೂಸಿಗೆ ಅನ್ವಯಿಸುವುದಿಲ್ಲ. ಆ ವಯಸ್ಸಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ ಒಂದೇ ಸಾಕು, ಅದೇ ದಿನ ಮಕ್ಕಳ ತಜ್ಞರಿರುವ ಆಸ್ಪತ್ರೆ ಸೇರಬೇಕು, ಏಕೆಂದರೆ ರಕ್ತಕ್ಕೆ ಅಥವಾ ಮಿದುಳಿನ ಪೊರೆಗೆ ಸೋಂಕು ತಗುಲಿದಾಗಲೂ ಎಳೆ ಕೂಸು ಬೇರೇನನ್ನೂ ತೋರಿಸದೆ ಇರಬಹುದು. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ದಾರಿ ಮುಚ್ಚುವ ಸಂಭವವಿರುವುದರಿಂದ ಯಾವ ದಿಕ್ಕಿಗೆ ಹೊರಡುವುದೆಂದು ಮೊದಲೇ ವಿಚಾರಿಸಿಟ್ಟುಕೊಂಡಿರುವುದು ಒಳ್ಳೆಯದು. ಹಾಲು ಕುಡಿಯುವುದನ್ನು ಬಿಟ್ಟು ಜೋಲುಬಿದ್ದ ಕೂಸಿನ ಮೈ ತಣ್ಣಗಿದ್ದರೆ ಅದೂ ಜ್ವರದಷ್ಟೇ ಗಂಭೀರ. ಅದನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಒತ್ತಿಕೊಂಡು, ಮೇಲೆ ಹೊದೆಸಿ, ತಲೆಗೆ ಟೊಪ್ಪಿ ಹಾಕಿ ಕರೆತನ್ನಿ.